ಶಾಫ್ಟಿನ ಮೇಲೊಂದು ಸುತ್ತು ಕೊಸರು

ಬಟ್ಟೆ ಒಣಹಾಕುವಾಗ ಹೆಂಡತಿ ನನ್ನ ಅಂಗಿಯನ್ನು ಬಿಸಿಲಿಗೆ ಎತ್ತಿ ಹಿಡಿದಳೆಂದರೆ, ಹಿಂದಿನ ದಿನ ನಾನು ಎಲ್ಲಿದ್ದೆ ಎಂದು ಅವಳಿಗೆ ಬೇರೆ ಹೇಳಬೇಕಾಗಿಲ್ಲ. ಎದೆಯ ಹತ್ತಿರ, ತೋಳಿನ ಮೇಲೆ ಸಾಸಿವೆ ಕಾಳಿನಷ್ಟು ತೂತುಗಳು. ಎರಡು ಸಲ ಸೋಪು ಕಂಡರೂ ಬಟ್ಟೆಯಲ್ಲಿ ಸುಟ್ಟ ಕಬ್ಬಿಣದ ವಾಸನೆ ಉಳಿದಿರುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. “ಹೊನ್ನಾಳಿಗೆ ಹೋಗಿದ್ರಿ,” ಎಂದಳು. ಅದು ಪ್ರಶ್ನೆಯಲ್ಲ, ತೀರ್ಪು. “ಅಂಗಿ ತಗಳ್ಳಾಕೆ ಅಂಗಡಿಯವನ ಜೊತೆ ಅರ್ಧ ದಿನ ಜಗಳ ಆಡ್ತೀರಿ. ತಂದು ವೆಲ್ಡಿಂಗ್ ಕಿಡಿಗೆ ಕೊಡ್ತೀರಿ.”

ಆ ವಾಸನೆಗೆ ನನಗೆ ಮೊದಲು ನಾಚಿಕೆ ಬರುತ್ತದೆ, ಆಮೇಲೆ ನಗು. ಈ ಎರಡರ ನಡುವೆ ಹೊನ್ನಾಳಿಯ ವೆಲ್ಡಿಂಗ್ ರುದ್ರಪ್ಪ ಇದ್ದಾರೆ. ನಿಮಗೂ ಒಂದು ಸಲಹೆ ಕೊಟ್ಟುಬಿಡುತ್ತೇನೆ, ಕೇಳಿಟ್ಟುಕೊಳ್ಳಿ. ಸಲಹೆಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಯಾರೂ ಅದನ್ನು ಪಾಲಿಸುವುದಿಲ್ಲ. ಭೂಮಿಯ ಮೇಲೆ ಎಲ್ಲಿ ಬೇಕಾದರೂ ಕೊಸರು ಕೇಳಿ, ತಿರುಗುವ ಶಾಫ್ಟಿನ ಮೇಲೆ ಮಾತ್ರ ಕೇಳಬೇಡಿ. ನಾನು ಕೇಳಿದೆ. ಅದರಿಂದ ರುದ್ರಪ್ಪನವರು ತಮ್ಮ ಬೀಗರ ಮನೆಗೆ ಕಾಲಿಡಲಾರದ ಹಾಗಾಯಿತು.

ಕೊಸರು ಅಂದರೆ ನಿಮಗೆ ಗೊತ್ತು. ಸೊಪ್ಪಿನವಳು ಕಟ್ಟು ಕೊಟ್ಟ ಮೇಲೂ ಚೀಲದ ಬಾಯಿ ಮುಚ್ಚದೆ ನಿಂತರೆ, ಅವಳು ಗೊಣಗುತ್ತ ಎಸೆಯುವ ನಾಲ್ಕು ಎಸಳು ಕೊತ್ತಂಬರಿ. ನನ್ನ ಸಂಸಾರ ನಿಂತಿರುವುದೇ ಆ ನಾಲ್ಕು ಎಸಳಿನ ಮೇಲೆ. ಚನ್ನಗಿರಿಯಲ್ಲಿ ಸೈಕಲ್ಲಿಗೆ ಸ್ಟೀಲು ಪಾತ್ರೆ ಕಟ್ಟಿಕೊಂಡು, ಹಳೇ ಬಟ್ಟೆಗೆ ಪಾತ್ರೆ ಕೊಡುತ್ತ ಹಳ್ಳಿ ಸುತ್ತಿದವನು ನಾನು. ಉಬ್ರಾಣಿ ಕಡೆಯ ಹೆಂಗಸರು ಎರಡು ಹಳೇ ಸೀರೆಗೆ ಒಂದು ತಂಬಿಗೆ ತಗೊಂಡು, ಮೇಲೊಂದು ಚಮಚ ಕೊಡುವ ತನಕ ನನ್ನ ಸೈಕಲ್ಲಿನ ಹಿಂದಿನ ಚಕ್ರ ಬಿಡುತ್ತಿರಲಿಲ್ಲ. ಚೌಕಾಸಿಯಲ್ಲಿ ಅವರೇ ನನ್ನ ಗುರುಗಳು. ಕಲಿತದ್ದನ್ನು ನಾನು ಎಲ್ಲ ಕಡೆ ಉಪಯೋಗಿಸಿದೆ. ಕ್ಷೌರದಂಗಡಿಯಲ್ಲಿ ಕಿವಿಯ ಕೂದಲು ಕೊಸರು. ದರ್ಜಿಯ ಹತ್ತಿರ ಎರಡು ಗುಂಡಿ. ಡಾಕ್ಟರ ಹತ್ತಿರ ನನ್ನ ಕೆಮ್ಮು ತೋರಿಸಿ, ಎದ್ದು ಬಾಗಿಲ ತನಕ ಹೋಗಿ, ಅಲ್ಲಿಂದ ತಿರುಗಿ ಹೆಂಡತಿಯ ಮೊಣಕಾಲು ನೋವಿನ ವಿಚಾರ ಕೇಳುತ್ತೇನೆ. ಕೂತು ಕೇಳಿದರೆ ಅದು ಇನ್ನೊಂದು ಫೀಸು, ನಿಂತು ಕೇಳಿದರೆ ಕೊಸರು.

ಪಾತ್ರೆಯಿಂದ ಹಳೇ ಪಂಪುಸೆಟ್ಟಿಗೆ, ಪಂಪುಸೆಟ್ಟಿನಿಂದ ಹಳೇ ಮಷೀನುಗಳಿಗೆ ಬಂದೆ. ಕೆಲವು ವರ್ಷದ ಹಿಂದೆ ಗೋವಿನಕೋವಿಯಲ್ಲಿ ಒಂದು ಮೆಕ್ಕೆಜೋಳದ ಮಷೀನು ಮಾರಾಟಕ್ಕಿದೆ ಎಂದು ಕೇಳಿ ಹೋದೆ. ಒಂದು ಬಾಯಿಗೆ ತೆನೆ ಸುರಿದರೆ ಕಾಳು ಒಂದು ಕಡೆ, ಬೆಂಡು ಒಂದು ಕಡೆ ಬೀಳುವ ಮಷೀನು. ಅದರ ಹೊಟ್ಟೆಯೊಳಗೆ ಒಂದು ಡ್ರಮ್ಮು. ಡ್ರಮ್ಮಿನ ನಡುವೆ ಹಾಯ್ದು ಹೋಗುವ, ಹಾರೆಗಿಂತ ದಪ್ಪನೆಯ ಉಕ್ಕಿನ ಸಲಾಕೆಯೇ ಶಾಫ್ಟು. ಅದು ಹೊರಗೆ ಚಾಚಿದ ತುದಿಯಲ್ಲಿ ಭಾರವಾದ ಚಕ್ರ, ಚಕ್ರಕ್ಕೆ ಬೆಲ್ಟು, ಬೆಲ್ಟನ್ನು ಎಳೆಯುವುದಕ್ಕೆ ಟ್ರ್ಯಾಕ್ಟರು. ಚಕ್ರದ ಪಕ್ಕ, ಶಾಫ್ಟಿನ ಕತ್ತಿನಲ್ಲಿ ಒಂದು ಸೀಳಿತ್ತು. ಮಾರುವವನು ಅದನ್ನು ಮುಚ್ಚಿಡಲಿಲ್ಲ. ನಾನೇ ಅದಕ್ಕೆ ಬೆರಳು ತೋರಿಸಿ ತೋರಿಸಿ ರೇಟು ಇಳಿಸಿದೆ. ಆ ಸೀಳಿನಷ್ಟು ಲಾಭ ನನಗೆ ಯಾವ ಗಟ್ಟಿ ಸಾಮಾನಿನಿಂದಲೂ ಬಂದಿರಲಿಲ್ಲ. ಶಾಫ್ಟು ಬಿಚ್ಚಿಸಿಕೊಂಡು ಸೀದಾ ಹೊನ್ನಾಳಿಗೆ, ರುದ್ರಪ್ಪನವರ ಅಂಗಡಿಗೆ ಬಂದೆ.

ರುದ್ರಪ್ಪ ಮಾತು ಕಡಿಮೆ ಇರುವ ಮನುಷ್ಯ. ಶಾಫ್ಟನ್ನು ತಿರುಗಿಸಿ ನೋಡಿ, “ಹೊಸದು ಹಾಕಿಸ್ರಿ,” ಅಂದರು.

“ಬೆಸುಗೆ ಹಾಕಿದ್ರೆ ಆಗಲ್ವಾ?”

“ಇದು ಗೇಟಲ್ಲ. ತಿರುಗೋ ಸಾಮಾನು.”

“ಸೀಸನ್ ಬಂದೈತೆ ರುದ್ರಪ್ಪಾರೆ. ಜೋಳ ಕಣಕ್ಕೆ ಬಂದು ಬಿದ್ದೈತೆ.”

ಅವರು ಸೀಳಿನ ಮೇಲೆ ಉಗುರು ಎಳೆದು ನೋಡಿದರು. “ಈ ಸೀಸನ್ ದಾಟಿಸಿ ಕೊಡ್ತೀನಿ. ಅದು ಮುಗಿದ ಮೇಲೆ ಹೊಸದು ಹಾಕಿಸ್ಬೇಕು. ಒಪ್ಪಿಗೆ ಅಂದ್ರೆ ಇಟ್ಟು ಹೋಗ್ರಿ.”

ಸಾಮಾನು ಇಟ್ಟು ಹೋಗುವ ಅಭ್ಯಾಸ ನನಗಿಲ್ಲ, ಅಲ್ಲೇ ಕೂತೆ. ಸೀಳಿದ್ದ ಕಡೆ ಪೂರ್ತಿ ಕತ್ತರಿಸಿ, ಎರಡೂ ತುದಿಯನ್ನು ಸೀಸದಕಡ್ಡಿ ಮೊನೆಯಂತೆ ಚೂಪು ಮಾಡಿದರು. ಕಾಯಿಸಿದರು. ಒಂದು ಪದರ ಹಾಕಿ, ಕುಟ್ಟಿ ಕಿಟ್ಟ ತೆಗೆದು, ಇನ್ನೊಂದು ಪದರ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಆ ಗಾಯ ತುಂಬಿತ್ತು. ನಿಧಾನವಾಗಿ ಆರಲಿ ಎಂದು ಒಲೆ ಬೂದಿಯಲ್ಲಿ ಹೂತಿಟ್ಟು, ನನ್ನ ಪಕ್ಕ ಚಹಾ ಹಿಡಿದು ಕೂತರು.

“ಮೊದಲನೇ ಕೆಲಸ ಎಲ್ಲಿ ಹಿಡಿದೀರಿ?”

“ಇನ್ನೂ ಹುಡುಕ್ತಿದೀನಿ.”

“ಜಗಳೂರು ಕಡೆ ಹೋಗ್ರಿ. ಬಿಳಿಚೋಡಿಗೆ ನನ್ನ ಮಗಳನ್ನ ಕೊಟ್ಟೀನಿ. ಬೀಗಿತ್ತಿ ಗೌರಮ್ಮ ಅಂತ, ಮಷೀನು ಸಿಗವಲ್ದು ಅಂತಿದ್ರು. ಹೇಳ್ಲಾ?”

ನಾನು ಕೇಳದೇ ಸಿಕ್ಕ ಮೊದಲ ಕೊಸರು ಅದು. ರುದ್ರಪ್ಪ ಫೋನು ತೆಗೆದು ಎದ್ದು ನಿಂತರು. ಬೀಗಿತ್ತಿಯ ಜೊತೆ ಮಾತಾಡುವಷ್ಟು ಹೊತ್ತೂ ನಿಂತೇ ಇದ್ದರು. ಹೆಗಲ ಟವೆಲ್ಲು ಕೂಡ ತೆಗೆದು ಕೈಯಲ್ಲಿ ಹಿಡಿದಿದ್ದರು. ಫೋನಿನಲ್ಲಿ ಅದೆಲ್ಲ ಕಾಣುವುದಿಲ್ಲ ಎಂದು ಅವರಿಗೂ ಗೊತ್ತು. ಹೆಣ್ಣು ಕೊಟ್ಟ ಮನೆ ಅಂದರೆ ಅಷ್ಟು. “ಗುರುತಿನವರೇ ಬರ್ತಾರೆ ಬೀಗ್ತಿಯಾರೆ. ಶಾಫ್ಟು ನಾನೇ ಮಾಡಿಕೊಟ್ಟೀನಿ. ಅದಕ್ಕೆ ನಾನು ಜವಾಬ್ದಾರಿ,” ಅಂದರು.

ಬೂದಿಯಿಂದ ತೆಗೆದ ಶಾಫ್ಟನ್ನು ಅವರು ಉಜ್ಜಿದರು. ಉಬ್ಬಿದ್ದನ್ನೆಲ್ಲ ಸವೆಸಿ, ಆಮೇಲೆ ಉಪ್ಪುಕಾಗದ ಸುತ್ತಿ ಉದ್ದಕ್ಕೆ ತೀಡಿ ನನ್ನ ಕೈಗೆ ಕೊಟ್ಟರು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಬೆಸುಗೆ ಎಲ್ಲಿದೆ ಎಂದೇ ಸಿಗಲಿಲ್ಲ. ಇನ್ನೊಬ್ಬನಾಗಿದ್ದರೆ ಕೈಮುಗಿಯುತ್ತಿದ್ದ. ನನಗೆ ಹೊಟ್ಟೆ ಉರಿಯಿತು.

“ಏನ್ರಿ ಇದು? ಹಾಕಿದ್ದನ್ನೆಲ್ಲ ಉಜ್ಜಿ ನೆಲಕ್ಕೆ ಚೆಲ್ಲಿದ್ರಿ. ನಾನು ದುಡ್ಡು ಕೊಟ್ಟಿದ್ದು ಇದರಾಗೆ ಎಲ್ಲಿ ಕಾಣ್ತೈತೆ?”

“ಕಾಣಬಾರ್ದು ಅಂತಾನೇ ಉಜ್ಜಿದ್ದು.”

“ಸೇರು ಅಳೆಯೋವಾಗ ತಲೆ ತಟ್ಟಿ ಕೊಟ್ರೆ ಯಾರಾದ್ರೂ ತಗಂತಾರಾ? ಮೇಲೆ ಗೋಪುರ ಬರಬೇಕು. ಇನ್ನೊಂದು ಸುತ್ತು ಹಾಕ್ರಿ, ದಪ್ಪಗೆ.”

“ಬ್ಯಾಡ್ರಿ. ಶಾಫ್ಟಿನ ಮೈಮೇಲೆ ಗಂಟು ಇರಬಾರ್ದು.”

“ಒಂದೇ ಸುತ್ತು. ನನ್ನ ಸಮಾಧಾನಕ್ಕೆ.”

“ಬ್ಯಾಡ ಅಂದೆ.”

ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ನಾನು ಕದಲಲಿಲ್ಲ. ಚೀಲದ ಬಾಯಿ ತೆರೆದು ನಿಲ್ಲುವುದರಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಮೂರನೇ ಸಲ ಕೇಳಿದಾಗ ರುದ್ರಪ್ಪ ಬೆಸುಗೆಯ ರಾಡು ಹಚ್ಚಿ, ಶಾಫ್ಟಿನ ಸುತ್ತ ಬಳೆ ತೊಡಿಸಿದ ಹಾಗೆ ಒಂದು ದಪ್ಪ ಸುತ್ತು ಎಳೆದರು. ಅದನ್ನು ಬೂದಿಯಲ್ಲಿ ಇಡಲು ಹೊತ್ತಿರಲಿಲ್ಲ. ನನ್ನ ಬಾಟಲಿಯ ನೀರು ನಾನೇ ಸುರಿದೆ. ಚುಂಯ್ ಎಂದಿತು. ಗಂಟುಗಂಟಾದ ಆ ಬಳೆಯ ಮೇಲೆ ಕೈಯಾಡಿಸಿ, ಈಗ ದುಡ್ಡಿಗೆ ತಕ್ಕ ಸಾಮಾನಾಯಿತು ಎಂದು ಟೆಂಪೋ ಹತ್ತಿದೆ.

ಬಿಳಿಚೋಡಿನಲ್ಲಿ ಮೊದಲನೇ ದಿನ ಗೌರಮ್ಮನವರ ಅಕ್ಕಪಕ್ಕದ ಎರಡು ಕಣ, ಎರಡನೇ ದಿನ ಇನ್ನೆರಡು. ಮಷೀನು ಕಾಳನ್ನು ಕಾರಂಜಿಯ ಹಾಗೆ ಉಗುಳಿತು. ಊಟಕ್ಕೆ ಕೂತಾಗ ಗೌರಮ್ಮ ಮುದ್ದೆಯ ಮೇಲೆ ಮುದ್ದೆ ಇಟ್ಟು, “ನಮ್ಮ ಬೀಗರ ಕೈ ಕೆಲಸ ಅಂದ್ರೆ ಹಂಗೇ,” ಎಂದು ಸೊಸೆ ಗೀತಾಳ ಮುಖ ನೋಡಿದರು. ಗೀತಾ ಸಾರು ಬಡಿಸುವ ನೆಪದಲ್ಲಿ ತಲೆ ಬಗ್ಗಿಸಿ ನಕ್ಕಳು.

ಮೂರನೇ ದಿನ ಗೌರಮ್ಮನವರದೇ ರಾಶಿ. ಅರ್ಧ ಮುಗಿದಿತ್ತು. ಟಣ್ ಎಂದು ಒಂದು ಸದ್ದು, ಹೆಚ್ಚೇನಿಲ್ಲ. ಬೆಲ್ಟು ಸತ್ತ ಹಾವಿನ ಹಾಗೆ ಬಿತ್ತು. ಚಕ್ರ ಮಾತ್ರ, ಶಾಫ್ಟಿನ ತುಂಡನ್ನು ಕಚ್ಚಿಕೊಂಡೇ, ಕಣದ ಅಡ್ಡಕ್ಕೆ ಓಡಿ ಕಾಳಿನ ರಾಶಿ ಸೀಳಿಕೊಂಡು ಹೋಗಿ, ಚೀಲದ ಸಾಲಿಗೆ ಗುದ್ದಿ ಮಲಗಿತು. ಯಾರಿಗೂ ತಾಗಲಿಲ್ಲ.

“ಏನಪ್ಪಾ, ನಿನ್ನ ಮಷೀನಿಗೆ ಊರಿಗೆ ಹೋಗಾಕೆ ಇಷ್ಟು ಅವಸರನಾ?” ಎಂದರು ಗೌರಮ್ಮ.

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಹೆದರಿದ ವ್ಯಾಪಾರಿ ಮೊದಲು ಮಾಡುವ ಕೆಲಸ ಇನ್ನೊಬ್ಬನ ಕಡೆ ಬೆರಳು ತೋರಿಸುವುದು. ನಾನು ಕಣದ ನಡುವೆ ನಿಂತು, ಆಚೆ ಕಣದವರಿಗೂ ಕೇಳುವಂತೆ ಹೇಳಿದೆ: “ನನ್ನದೇನೈತೆ ತಾಯಿ? ನಿಮ್ಮ ಬೀಗರೇ ಹಾಕಿದ ಬೆಸುಗೆ. ಹಿಂಗೆ ಮಾಡ್ತಾರೆ ಅಂತ ಗೊತ್ತಿದ್ರೆ ನಾನು ಹೊನ್ನಾಳಿ ಕಡೆ ತಲೆ ಹಾಕ್ತಿರಲಿಲ್ಲ.”

ಗೀತಾ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಗೌರಮ್ಮ ಪಕ್ಕದವರಿಗೆ, “ಬೀಗರು ಮಗಳನ್ನ ಗಟ್ಟಿ ಕೊಟ್ಟಾರೆ, ಶಾಫ್ಟನ್ನ ಮೆತ್ತಗೆ ಕೊಟ್ಟಾರೆ,” ಎಂದರು. ಕಣ ನಕ್ಕಿತು. ನಾನೂ ನಕ್ಕೆ. ಆ ನಗು ಈಗ ನೆನಪಾದರೆ ಮೈ ಬೆವರುತ್ತದೆ.

ಹೊಸ ಶಾಫ್ಟು ಕಡೆಸುವುದಕ್ಕೆ ನ್ಯಾಮತಿಗೆ, ಲೇತು ಬಶೀರ್ ಸಾಬರ ಹತ್ತಿರ ಹೋದೆ. ಅಳತೆಗೆಂದು ಎರಡೂ ತುಂಡುಗಳನ್ನು ಅವರ ಮುಂದಿಟ್ಟೆ. ಅವರು ಅಳತೆ ಬಿಟ್ಟು ಮುರಿದ ಮುಖವನ್ನೇ ಕನ್ನಡಕದ ಹತ್ತಿರ ಹಿಡಿದು, ಪತ್ರಿಕೆ ಓದುವ ಹಾಗೆ ಓದತೊಡಗಿದರು.

“ಯಾವಾಗ ಮುರೀತು?”

“ಮೊನ್ನೆ ಮಧ್ಯಾಹ್ನ.”

“ಸುಳ್ಳು. ಮೊದಲನೇ ದಿನದಿಂದ ಮುರೀತಾನೇ ಇತ್ತು. ನಿಮಗೆ ಗೊತ್ತಾಗಿದ್ದು ಮೊನ್ನೆ ಮಧ್ಯಾಹ್ನ.” ನನ್ನ ಬೆರಳು ಹಿಡಿದು ಆ ಮುಖದ ಮೇಲಿಟ್ಟರು. ಅರ್ಧಕ್ಕಿಂತ ಹೆಚ್ಚು ನುಣುಪಾಗಿತ್ತು, ಅದರಲ್ಲಿ ಕಪ್ಪೆಚಿಪ್ಪಿನ ಬೆನ್ನಿನಂಥ ಗೆರೆಗಳು. ಒಂದು ಮೂಲೆ ಮಾತ್ರ ಬೆಲ್ಲ ಒಡೆದ ಹಾಗೆ ಒರಟು. “ಈ ನುಣುಪು ಐತಲ್ಲ, ಅದು ಸುತ್ತು ಸುತ್ತಿಗೆ ಒಂದೊಂದು ಎಳೆ ಬಿಟ್ಟಿದ್ದು. ಮಷೀನು ನಿಂತು ನಿಂತು ಓಡಿದಾಗ ಒಂದೊಂದು ಗೆರೆ ಬಿದ್ದೈತೆ. ಈ ಒರಟು ಜಾಗ ಕೊನೇಗೆ ಉಳಿದಿದ್ದು. ಪಾಪ, ಅದೊಂದೇ ಎಷ್ಟು ಅಂತ ಹೊರ್ತೈತೆ?”

ನನಗೆ ಅರ್ಥವಾಗಲಿಲ್ಲ ಎಂದು ಮುಖ ನೋಡಿಯೇ ತಿಳಿದು, ಒಂದು ತಂತಿ ಕೊಟ್ಟು ಬಗ್ಗಿಸಿ ನೆಟ್ಟಗೆ ಮಾಡುತ್ತ ಇರಿ ಅಂದರು. ನನ್ನ ಬೆರಳು ನೋಯುವ ತನಕ ಅದು ತಡೆಯಿತು. ಇನ್ನೊಂದು ತಂತಿಗೆ ಗರಗಸದಿಂದ ಬರೀ ಒಂದು ಗೀರು ಹಾಕಿ ಕೊಟ್ಟರು. ಅದು ಕೈಗೆ ಬಂದದ್ದೇ ತಡ, ಆ ಗೀರಿನ ಹತ್ತಿರವೇ ತುಂಡಾಯಿತು.

“ಬೆಲ್ಟು ಆ ಚಕ್ರನ ಒಂದೇ ಕಡೆ ಜಗ್ಗತೈತೆ. ಶಾಫ್ಟು ತಿರುಗ್ತೈತೆ. ಅಂದ್ರೆ ಒಂದೊಂದು ಸುತ್ತಿಗೂ ಅದು ಹಿಂಗೆ ಬಗ್ಗಿ ಹಿಂಗೆ ನೆಟ್ಟಗಾಗ್ತೈತೆ. ಕಣ್ಣಿಗೆ ಕಾಣಲ್ಲ. ನುಣ್ಣಗಿದ್ರೆ ಆ ನೋವನ್ನ ಮೈಯೆಲ್ಲ ಹಂಚಿಕಂತೈತೆ. ಗಂಟು, ಗೀರು, ಮೆಟ್ಟಿಲು ಇದ್ರೆ ನೋವೆಲ್ಲ ಅದರ ಬುಡಕ್ಕೆ ಬಂದು ಕೂರ್ತೈತೆ.” ಆಮೇಲೆ ಆ ಬಳೆಯ ಅಂಚು ತೋರಿಸಿದರು. ಒಳಗಿನ ಬೆಸುಗೆ ಹಾಗೇ ಇತ್ತು. ಮುರಿದದ್ದು ಅದರಿಂದ ಒಂದು ಬೆರಳು ಆಚೆ, ಕೊಸರಿನ ಸುತ್ತು ಮುಗಿಯುವ ಬುಡದಲ್ಲಿ. “ಒಳಗಿನದು ರುದ್ರಪ್ಪನ ಕೈ, ನನಗೆ ಗೊತ್ತು. ಇಷ್ಟು ಚಂದ ಮಾಡಿದ್ರೂ ಬೆಸುಗೆ ಶಾಫ್ಟಿಗೆ ಹೊಸದರ ಆಯಸ್ಸು ಬರಲ್ಲ, ಆದ್ರೆ ಸೀಸನ್ ದಾಟಿಸ್ತಿತ್ತು. ಈ ಬಳೆ ಯಾವ ಪುಣ್ಯಾತ್ಮ ತೊಡಿಸಿದ? ಮೇಲೆ ನೀರು ಬ್ಯಾರೆ ಹಾಕಿದಂಗೈತೆ.”

“ಯಾರೋ ಏನೋ,” ಎಂದೆ.

ಬಶೀರ್ ಸಾಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಐದು ನಿಮಿಷದ ಹಿಂದೆ ನಾನು ಅವರ ಹತ್ತಿರ, ಹೊಸ ಶಾಫ್ಟಿನ ಜೊತೆ ಎರಡು ಬೋಲ್ಟು ಕೊಸರು ಕೇಳಿದ್ದೆ. “ಯಾರು ಅಂತ ನನಗೆ ತಿಳೀತು,” ಎಂದರು. ಬೋಲ್ಟು ಕೊಡಲಿಲ್ಲ.

ಅಲ್ಲಿಂದ ಹೊನ್ನಾಳಿ ಎಷ್ಟು ದೂರ? ಆದರೂ ಆ ದಿನ ಆ ದಾರಿ ಮುಗಿಯಲೊಲ್ಲದಾಯಿತು. ಹೋಗದೇ ಇದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಏನೂ ಆಗುವುದಿಲ್ಲ. ಬಶೀರ್ ಸಾಬರು ಊರೂರಿಗೆ ಹೇಳುವವರಲ್ಲ. ರುದ್ರಪ್ಪ ಬಾಯಿ ಬಿಡುವವರಲ್ಲ. ಇಂಥ ಸುಲಭದ ವ್ಯಾಪಾರ ಸಿಕ್ಕಾಗ ನನಗೆ ಅನುಮಾನ ಬರುತ್ತದೆ, ಅದಕ್ಕೇ ಹೊನ್ನಾಳಿಯಲ್ಲಿ ಇಳಿದೆ.

ರುದ್ರಪ್ಪ ಯಾವುದೋ ಕಿಟಕಿಯ ಸರಳು ಕೂರಿಸುತ್ತಿದ್ದರು. ಕೂರಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ನಾನೇ ಕೂತೆ.

“ದೀಪಾವಳಿಗೆ ಮಗಳನ್ನ ಕರ್ಕಂಬರಾಕೆ ಹೋಗಿದ್ರಾ?”

“ಮುಂದಿನ ವಾರ ಹಬ್ಬ. ಹೋಗಬೇಕಿತ್ತು.” ಸರಳನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿದರು. “ಯಾವ ಮುಖ ಇಟ್ಕಂಡು ಹೋಗ್ಲಿ? ಜವಾಬ್ದಾರಿ ಅಂದಿದ್ದೆ. ಶಾಫ್ಟು ಮುರಿದ ಸುದ್ದಿ ಹೇಳಿದಾಗಿಂದ ಗೀತಾ ಫೋನಿನಾಗೆ ಸರಿಯಾಗಿ ಮಾತಾಡವಲ್ಲಳು. ಈ ವರ್ಷ ಅವಳು ಅಲ್ಲೇ ಹಬ್ಬ ಮಾಡ್ಕಳ್ಳಲಿ ಅಂತ ಬಿಟ್ಟೀನಿ.”

ನಾನು ಚೀಲದಿಂದ ತುಂಡು ತೆಗೆದು ಅವರ ಮುಂದಿಟ್ಟೆ. ಮುರಿದ ಜಾಗ ನೋಡಿದರು, ತಮ್ಮ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಅದು ಹಾಗೇ ಇತ್ತು. ಆ ಹೊತ್ತು ಅವರು ನನ್ನನ್ನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಗುಳಕ್ಕೆ ಎದುರು ರೇಟು ಹೇಳುವುದು ನನಗೆ ಗೊತ್ತು. ಅವರು ಸುಮ್ಮನೆ ತುಂಡನ್ನು ಕೆಳಗಿಟ್ಟರು.

“ಗೌರಮ್ಮನವರಿಗೆ ಫೋನ್ ಮಾಡಿ ಹೇಳ್ತೀನಿ,” ಎಂದೆ.

“ಕಣದಾಗೆ ಹೇಳಿದ್ದನ್ನ ಕಣದಾಗೇ ಹೇಳ್ರಿ.”

“ಹೇಳ್ತೀನಿ. ಅಂದಹಾಗೆ ನಮ್ಮನೆ ಗೇಟಿಗೆ ಒಂದು ಕೀಲು ಬಿಟ್ಟೈತೆ...”

ರುದ್ರಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ಬಾಯಿಂದ ಬಂದದ್ದು, ನಾನೇನು ಮಾಡಲಿ? ಅವರ ಮೀಸೆ ಒಂದು ಕಡೆ ಸ್ವಲ್ಪ ಕದಲಿತು. “ಮೊದಲು ಬಿಳಿಚೋಡು,” ಅಂದರು.

ಹೊಸ ಶಾಫ್ಟಿನ ಜೊತೆ ಇಬ್ಬರೂ ಒಂದೇ ಟೆಂಪೋದಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಚೌಕಾಸಿ ಮಾಡುತ್ತಿದ್ದೆ. ಎಷ್ಟು ಕಡಿಮೆ ಒಪ್ಪಿಕೊಂಡರೆ ನಡೆದೀತು ಎಂದು. ಗೌರಮ್ಮ ಅದಕ್ಕೆ ಅವಕಾಶ ಕೊಡಲಿಲ್ಲ. ವಿಷಯ ಏನೋ ಇದೆ ಎಂದು ವಾಸನೆ ಹಿಡಿದು, ಆಚೆ ಕಣದವರನ್ನೂ ಕೂಗಿದರು. “ಅವತ್ತು ಕೇಳಿದವರೆಲ್ಲ ಇವತ್ತೂ ಕೇಳ್ರಿ. ಹೇಳಪ್ಪ.”

ಹೇಳಿದೆ. ನುಣ್ಣಗಿದ್ದದ್ದು, ಹೊಟ್ಟೆ ಉರಿದದ್ದು, ಬಳೆ ತೊಡಿಸಿದ್ದು, ನೀರು ಸುರಿದದ್ದು. ರುದ್ರಪ್ಪ ದೂರದಲ್ಲಿ ಬೇವಿನ ಮರದ ಹತ್ತಿರ, ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದರು.

“ಅವರು ಬ್ಯಾಡ ಅಂದಿದ್ರಾ?” ಗೌರಮ್ಮ ಕೇಳಿದರು.

“ಎರಡು ಸಲ.”

“ಮೂರನೇ ಸಲ?”

“ಹಾಕಿದ್ರು.”

ಗೌರಮ್ಮ ನನ್ನನ್ನು ಅಲ್ಲೇ ಬಿಟ್ಟು ಬೀಗರ ಕಡೆ ತಿರುಗಿದರು. “ಇವನು ಕೇಳೋ ಜಾತಿ, ಕೇಳ್ತಾನೆ. ಗೊತ್ತಿದ್ದ ನೀವು ಯಾಕೆ ಹಾಕಿದ್ರಿ ಬೀಗರೆ?”

ನಾನು ಅದನ್ನು ಯೋಚಿಸಿರಲೇ ಇಲ್ಲ. ರುದ್ರಪ್ಪ ಯೋಚಿಸಿದ್ದರು ಅನ್ನಿಸುತ್ತದೆ. “ಗಿರಾಕಿ ಮುಖ ನೋಡಿದೆ,” ಅಂದರು. “ತಪ್ಪಾತು.”

ಆಗ ಗೀತಾ ಹೊಸ್ತಿಲಿನಿಂದ ಕೆಳಗಿಳಿದು ಬಂದಳು. “ಅಪ್ಪ, ಅವತ್ತು ಆ ಚಕ್ರದ ಪಕ್ಕದಾಗೇ ಕಾಳು ಗುಡಿಸ್ತಿದ್ದೆ. ಅತ್ತೆ ನೀರು ಕೇಳಿದ್ರು ಅಂತ ಪೊರಕೆ ಹಿಡ್ಕಂಡೇ ಎದ್ದು ಬಂದೆ. ನಾಲ್ಕು ಹೆಜ್ಜೆ ಬಂದಿದ್ದೆ, ಅಷ್ಟೇ.”

ನಾನು ಮೂರು ದಿನದಿಂದ ಶಾಫ್ಟಿನ ಲೆಕ್ಕ, ಹೆಸರಿನ ಲೆಕ್ಕ ಹಾಕುತ್ತಿದ್ದೆ. ಈ ಹುಡುಗಿ ಆ ನಾಲ್ಕು ಹೆಜ್ಜೆಯನ್ನು ಒಬ್ಬಳೇ ಹೊತ್ತುಕೊಂಡು ಓಡಾಡಿದ್ದಳು. ಅಪ್ಪನ ಕೈ ಕೆಲಸವೇ ಅಂದುಕೊಂಡು ಯಾರಿಗೂ ಹೇಳಿರಲಿಲ್ಲ. ರುದ್ರಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು.

ಗೌರಮ್ಮನೇ ಮುಂದೆ ಬಂದರು. “ಬಿಸಿಲಾಗೆ ಎಷ್ಟೊತ್ತು ನಿಂತ್ಕಂತೀರಿ, ಒಳಗೆ ಬರ್ರಿ. ಹಬ್ಬಕ್ಕೆ ಮಗಳನ್ನ ಕರ್ಕಂಡು ಹೋಗ್ರಿ. ಮೂರು ದಿನಕ್ಕೆ ಕಳಿಸಿಬಿಡ್ರಿ.”

“ಐದು ದಿನ ಇರ್ಲಿ ಅತ್ತೆ,” ಎಂದಳು ಗೀತಾ, ಕಣ್ಣು ಒರೆಸಿಕೊಳ್ಳುತ್ತ.

“ನೋಡ್ರಿ, ಇವನ ರೋಗ ನಮ್ಮ ಮನೆಗೂ ಅಂಟಿತು,” ಎಂದು ಗೌರಮ್ಮ ನನ್ನ ಕಡೆ ಕೈ ತೋರಿಸಿದರು. ಐದು ದಿನಕ್ಕೆ ಒಪ್ಪಿದರು.

ಈಗ ರುದ್ರಪ್ಪ ಮೂರನೇ ಸಲ ಕೇಳಿದವರಿಗೆ ಸಾಮಾನು ವಾಪಸು ಕೊಡುತ್ತಾರೆ. ನಿನ್ನೆ ಅಲ್ಲಿ ಕೂತಿದ್ದಾಗಲೂ ಒಬ್ಬನಿಗೆ ಕೊಟ್ಟರು. ನಾನು ಅವನನ್ನು ಪಕ್ಕಕ್ಕೆ ಕರೆದು ನ್ಯಾಮತಿಯ ದಾರಿ ತೋರಿಸಿದೆ, ಜೊತೆಗೆ ಈ ಕತೆಯನ್ನೂ ಹೇಳಿದೆ. ಅವನು ಅರ್ಧಕ್ಕೇ ಎದ್ದು ಹೋದ. ನೀವಾದರೂ ಪೂರ್ತಿ ಕೇಳಿದಿರಿ.

ಬಿಳಿಚೋಡಿಗೆ ಮಾತ್ರ ಪ್ರತಿ ವರ್ಷ ಹೋಗುತ್ತೇನೆ. ಈ ಸಲವೂ ಮೊದಲ ಕಣ ಗೌರಮ್ಮನವರದೇ. ಮಷೀನು ನಿಲ್ಲಿಸಿ, ಬೆಲ್ಟು ಏರಿಸಿ, ಚಕ್ರದ ಸುತ್ತ ನಾನೇ ಹಾಕಿಸಿದ ತಗಡಿನ ಕವಚಕ್ಕೆ ಬೋಲ್ಟು ಬಿಗಿಯಲು ಹೋದೆ. “ಇರ್ರಿ ಅಣ್ಣ,” ಎಂದಳು ಗೀತಾ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಶಾಫ್ಟಿನ ಕತ್ತನ್ನು ಅಂಗೈಯಿಂದ ಸುತ್ತಲೂ ಸವರಿದಳು. ಒಮ್ಮೆ ಸವರಿ ಬಿಡಲಿಲ್ಲ, ತಿರುಗಿಸಿ ಇನ್ನೊಮ್ಮೆ ಸವರಿದಳು. ಟ್ರ್ಯಾಕ್ಟರಿನ ಡ್ರೈವರು ಗಡಿಯಾರ ನೋಡಿದ. ನಾನು ಬೋಲ್ಟು ಕೈಯಲ್ಲಿ ಹಿಡಿದು, ಏನೂ ಕೇಳದೆ ನಿಂತಿದ್ದೆ. ಅವಳು ಕೈಗೆ ಹತ್ತಿದ ಎಣ್ಣೆಯನ್ನು ಚೀಲಕ್ಕೆ ಒರೆಸಿ, ಚಕ್ರದಿಂದ ಹತ್ತು ಹೆಜ್ಜೆ ದೂರ ಹೋಗಿ ನಿಂತು, “ಹ್ಞೂಂ, ಬಿಗಿದು ಮಷೀನು ಬಿಡ್ರಿ,” ಎಂದಳು.